ವಿಗ್ಗಾಳ ಹಾಡಿನ ಐದನೆಯ ಚರಣ

ಟೋರ್ಬೆನ್ ಹಾಡು ಬರೆದು ಮುಗಿಸಿದಾಗಲೆಲ್ಲ ಮೊದಲು ಬರುವುದು ನನ್ನ ಅಡುಗೆಮನೆಗೆ. ಅವನು ಶಾಲೆಯ ಬಸ್ಸು ಓಡಿಸುವವನು. ಫಿಯೋರ್ಡ್ ಎಂಬ ಕಡಲ ಚಾಚಿನ ಈ ದಂಡೆಯಲ್ಲಿ ಯಾರ ಮದುವೆಯಾಗಲಿ, ಐವತ್ತರ ಹುಟ್ಟುಹಬ್ಬವಾಗಲಿ, ಹದಿನಾಲ್ಕರ ಮಕ್ಕಳು ಚರ್ಚಿನಲ್ಲಿ ನಿಂತು ನಂಬಿಕೆ ಒಪ್ಪಿಕೊಳ್ಳುವ ದೃಢೀಕರಣವಾಗಲಿ, ಹಾಡು ಅವನದೇ. ಎಲ್ಲರ ಬಾಯಲ್ಲಿರುವ ಒಂದು ಹಳೆಯ ಧಾಟಿ ಹಿಡಿದು, ಹಬ್ಬ ಯಾರದೋ ಅವರ ಬದುಕನ್ನು ತಮಾಷೆಯಾಗಿ ಕಟ್ಟಿಬಿಡುತ್ತಾನೆ. ಅಚ್ಚು ಹಾಕಿಸಿದ ಹಾಳೆ ಪ್ರತಿ ತಟ್ಟೆಯ ಪಕ್ಕದಲ್ಲಿ ಇರುತ್ತದೆ. ಬಂದವರೆಲ್ಲ ಹಾಡಬೇಕು, ಹಬ್ಬದವರು ಮಾತ್ರ ಕೂತು ಕೇಳಬೇಕು. ಮುಂಚೆ ಅವರ ಕಣ್ಣಿಗೆ ಒಂದು ಸಾಲೂ ಬೀಳಬಾರದು. ನನ್ನ ಕಾಲದಿಂದಲೂ ಹೀಗೇ.

ನನ್ನ ಹತ್ತಿರ ಬರುವುದು ಸಾಲುಗಳ ಅಳತೆ ಸರಿಯಿದೆಯೇ ಎಂದು ನೋಡಿಸಲು. ನಾನು ನೆಟ್ಟಗೆ ಓದಲು ಬರೆಯಲು ಕಲಿತದ್ದು ನಲವತ್ತು ದಾಟಿದ ಮೇಲೆ, ಮೀನಿನ ಕಾರ್ಖಾನೆಯ ಪಾಳಿ ಮುಗಿಸಿಕೊಂಡು ರಾತ್ರಿ ಶಾಲೆಗೆ ಹೋಗಿ. ತಡವಾಗಿ ಕಲಿತವರಿಗೆ ಅಕ್ಷರಕ್ಕೊಂದು ಬೆರಳು ಮಡಿಸಿಕೊಂಡು ಓದುವ ಚಟ ಹೋಗುವುದಿಲ್ಲ. ಅದು ಟೋರ್ಬೆನ್‌ಗೆ ಉಪಯೋಗಕ್ಕೆ ಬಂತು.

ಈ ಸಲ ಹಾಡು ಅವನ ತಂಗಿ ಲೋನೆಯ ಮಗಳದು. ವಿಗ್ಗಾ. ನನ್ನ ಪಕ್ಕದ ಮನೆಯ ಹುಡುಗಿ. ಅವಳು ಹುಟ್ಟಿದಂದಿನಿಂದ ನಾನು ಅವಳಿಗೆ ಅಜ್ಜಿ.

"ಕಾಫಿ ಕೊಡು ಮೊದ್ಲು," ಎಂದು ಟೋರ್ಬೆನ್ ಕುರ್ಚಿ ಎಳೆದು ಕೂತ. "ಈ ಹಾಡು ಕೇಳಿ ನಿನ್ನ ಹಲ್ಲಿನ ಸೆಟ್ಟು ಬಿದ್ರೆ ನಾನು ಜವಾಬ್ದಾರಿ ಅಲ್ಲ."

"ಹೋದ ಸಲಾನೂ ಇದೇ ಅಂದಿದ್ದೆ. ನಗು ಬರೋದಿರಲಿ, ಆಕಳಿಕೆ ಬಂತು."

"ಹೊಟ್ಟೆಕಿಚ್ಚು ನಿಂಗೆ. ಓದು, ಓದು."

ಮೊದಲ ನಾಲ್ಕು ಚರಣಗಳು ಚೆನ್ನಾಗಿದ್ದವು. ತೊಟ್ಟಿಲಿಂದ ಅವಳು ಬಿದ್ದದ್ದು, ಶಾಲೆಯ ನಾಟಕದಲ್ಲಿ ಕುರಿಯಾಗಿ ಮಾತು ಮರೆತದ್ದು. ಐದನೆಯದಕ್ಕೆ ಬಂದಾಗ ನನ್ನ ಬೆರಳು ನಿಂತಿತು.

ವಿಗ್ಗಾಳ ತೊಡೆಗಳು ಹರಟೆಯ ಅಜ್ಜಿಯರು,
ಹಿಗ್ಗುತ್ತ ತಬ್ಬುತ್ತ ಸಾಗುವರು;
ಸಗ್ಗದ ಬಾಗಿಲು ಸಣ್ಣದು ಮಗಳೇ,
ನುಗ್ಗಲು ಹೇಗವರು ಹೋಗುವರು?

"ಹೇಗಿದೆ?" ಎಂದು ಅವನು ನನ್ನ ಮುಖವನ್ನೇ ನೋಡುತ್ತಿದ್ದ.

ನನಗೆ ಗೊತ್ತಿತ್ತು, ಆ ಅಜ್ಜಿಯರು ಅವನವರಲ್ಲ.

ನಮ್ಮ ಲೈಬ್ರರಿಯಲ್ಲಿ ಗುರುವಾರ ಸಂಜೆ ಹುಡುಗ ಹುಡುಗಿಯರು ಸೇರಿ ಬರೆಯುತ್ತಾರೆ. ಲೈಬ್ರರಿಯ ಸಿಗ್ನೆ ಅದನ್ನು ಶುರು ಮಾಡಿದಳು. ಮೈ ತೋರಿಸಲು ನಾಚಿ ಈಜಿನ ತರಗತಿಗೆ ಚಕ್ಕರ್ ಹಾಕಿ ಪುಸ್ತಕದ ಕಪಾಟಿನ ಹಿಂದೆ ಅಡಗುವ ಮಕ್ಕಳನ್ನು ದಿನವೂ ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಬನ್ನು, ಚೀಸು, ಕಾಫಿ ಹೊಂದಿಸಲು ನನ್ನನ್ನು ಕರೆದಳು. ಹಾಗೆ ಹೋದವಳು ನಾನೂ ಕೂತು ಬರೆಯತೊಡಗಿದೆ. ಅಲ್ಲಿ ಒಂದೇ ನಿಯಮ. ನಿಮ್ಮ ಮೈಯ ಯಾವುದಾದರೂ ಒಂದು ಭಾಗದ ಬಗ್ಗೆ ಬರೆಯಿರಿ, ಆದರೆ ಹೇಗಿದೆ ಅಂತ ಬರೆಯಬೇಡಿ, ಏನು ಮಾಡಿತು ಅಂತ ಬರೆಯಿರಿ. ಓದಬೇಕೆನಿಸಿದರೆ ಓದಿ, ಇಲ್ಲದಿದ್ದರೆ ಮಡಿಚಿ ಮನೆಗೆ ಒಯ್ಯಿರಿ. ಕೇಳಲು ಸುಲಭ. ಬರೆಯಲು ಕೂತರೆ ತಿಳಿಯುತ್ತದೆ, ನಮಗೆ ನಮ್ಮ ಮೈಯ ಬಗ್ಗೆ ಬೈಗುಳದ ಹೊರತು ಬೇರೆ ಮಾತೇ ಬರುವುದಿಲ್ಲ ಅಂತ.

ವಿಗ್ಗಾಳನ್ನು ಅಲ್ಲಿಗೆ ಕರೆದೊಯ್ದವಳು ನಾನೇ. ಚಳಿಗಾಲದ ನಡುವಿನಿಂದ ಅವಳು ಊಟ ಬಿಡುತ್ತ ಬಂದಿದ್ದಳು. ಅಪ್ಪನ ದೊಡ್ಡ ಉಣ್ಣೆಯಂಗಿ ತೊಟ್ಟು, ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡು ತಿರುಗುವಳು. ಅಪ್ಪ ಬೇರೆ ಸಂಸಾರ ಮಾಡಿಕೊಂಡು ದೂರದಲ್ಲಿದ್ದಾನೆ. ಅಂಗಿ ಮಾತ್ರ ಇಲ್ಲಿದೆ. ನಮ್ಮ ಮನೆಗೆ ಬಂದರೆ ಮೊದಲೆಲ್ಲ ಬ್ರೆಡ್ಡಿನ ಡಬ್ಬಿಗೇ ಕೈ ಹಾಕುತ್ತಿದ್ದವಳು ಈಗ "ಈಗಷ್ಟೇ ತಿಂದೆ ಅಜ್ಜಿ" ಎನ್ನುವಳು. ಅವರ ಮನೆಯಲ್ಲಿ ಕೇಳಿದರೆ ಅಜ್ಜಿಯ ಮನೆಯಲ್ಲಿ ತಿಂದೆ ಎನ್ನುವಳಂತೆ. ದೃಢೀಕರಣಕ್ಕೆಂದು ಹೊಲಿಸಿದ ಬಿಳಿ ಉಡುಪು ಸಡಿಲವಾಯಿತೆಂದು ಹಿಡಿಸಿ ಸಣ್ಣ ಮಾಡಿಸಿದರು, ಮತ್ತೆ ಮಾಡಿಸಿದರು. ಹೊಲಿಯುವವಳು, ಅಂಗಡಿಯವಳು, ಪಾದ್ರಿಯ ಹೆಂಡತಿ, ಎಲ್ಲರೂ "ಎಷ್ಟು ಚೆನ್ನಾಗಿ ಕಾಣ್ತಿದ್ದೀಯಲ್ಲೇ" ಎಂದರು. ಲೋನೆಗೂ ಅದು ಹಿತವಾಗಿಯೇ ಕೇಳಿಸಿತು.

ಕೆಲವು ಗುರುವಾರ ವಿಗ್ಗಾ ಖಾಲಿ ಹಾಳೆಯ ಮುಂದೆ ಕೂತು ಎದ್ದುಹೋದಳು. ಮಾರ್ಚಿನ ಒಂದು ಸಂಜೆ, ಗಾಳಿಗೆ ಕೆನ್ನೆ ಕೆಂಪಾಗಿ ಸೈಕಲ್ಲಿನಲ್ಲಿ ಬಂದು, ಮೇಲಂಗಿಯನ್ನೂ ಬಿಚ್ಚದೆ ಬರೆದಳು. ಬರೆದು ಎಲ್ಲರಿಗೂ ಓದಿದಳು.

"ನನ್ನ ತೊಡೆಗಳು ಚರ್ಚಿನ ಬಾಗಿಲಲ್ಲಿ ಎದುರಾದ ಇಬ್ಬರು ಅಜ್ಜಿಯರ ಹಾಗೆ. ಒಬ್ಬರನ್ನೊಬ್ಬರು ಬಿಡುವುದೇ ಇಲ್ಲ, ಹರಟುತ್ತಲೇ ಇರುತ್ತಾರೆ. ಆದರೆ ಪಡುವಣ ಗಾಳಿ ಎದುರಿಗೆ ಬೀಸುವಾಗ ಸೈಕಲ್ಲನ್ನು ಗುಡ್ಡ ಹತ್ತಿಸುವವರು ಅವರೇ. ಆಗ ಇಬ್ಬರೂ ಬಾಯಿ ಮುಚ್ಚಿ ಕೆಲಸ ಮಾಡುತ್ತಾರೆ."

ಮಕ್ಕಳು ಮೇಜು ಬಡಿದು ನಕ್ಕರು. ವಿಗ್ಗಾಳೂ ನಕ್ಕಳು. ಅವತ್ತು ಅವಳು ಒಂದು ಬನ್ನು ತಿಂದಳು. ಬೆಣ್ಣೆ ಹಚ್ಚಿಕೊಂಡು, ಚೀಸಿಟ್ಟುಕೊಂಡು, ತನಗೇ ಗೊತ್ತಿಲ್ಲದ ಹಾಗೆ ತಿಂದಳು. ಸಿಗ್ನೆ ನನ್ನ ಕಡೆ ನೋಡಿದಳು. ನಾನು ಕಾಫಿಯ ಲೋಟ ತೊಳೆಯುವ ನೆಪದಲ್ಲಿ ತಿರುಗಿ ನಿಂತೆ. ಆಮೇಲಿನ ಗುರುವಾರಗಳಲ್ಲೂ ತಿಂದಳು. ಅಲ್ಲಿ ಮಾತ್ರ. ಆದರೂ ಒಂದು ಜಾಗ ಸಿಕ್ಕಿತಲ್ಲ ಎಂದು ನಾನು ಅಂದುಕೊಂಡಿದ್ದೆ.

ಈಗ ಆ ಜಾಗದ ಮಾತು ಟೋರ್ಬೆನ್‌ನ ಹಾಳೆಯ ಮೇಲೆ ಕೂತಿತ್ತು.

"ಇದು ಎಲ್ಲಿ ಸಿಕ್ತು ನಿಂಗೆ?" ಎಂದೆ.

"ಲೋನೆ ಕೊಟ್ಳು. ಹಾಡಿಗೆ ಏನಾದ್ರೂ ವಿಷಯ ಕೊಡೇ ಅಂದೆ, ಇದನ್ನ ಕೊಟ್ಳು. ಹುಡುಗಿ ತಾನೇ ಬರೆದಿದ್ದಂತೆ. ಎಂಥ ತಲೆ ನೋಡು! ನನ್ನ ಸೋದರ ಸೊಸೆ ಅಲ್ವಾ."

"ಗುಡ್ಡ ಹತ್ತಿಸಿದ್ದು ಎಲ್ಲಿ ಹೋಯ್ತು?"

"ಯಾವ ಗುಡ್ಡ?"

"ಅವಳು ಬರೆದಿದ್ರಲ್ಲಿ ಇತ್ತು. ಗಾಳಿ, ಸೈಕಲ್ಲು, ಗುಡ್ಡ."

"ಓ, ಅದಾ. ಅದ್ರಲ್ಲಿ ತಮಾಷೆ ಏನಿದೆ ಡಾಗ್ನಿ? ಪ್ರಾಸಕ್ಕೂ ಬಗ್ಗಲ್ಲ."

"ಈ ಚರಣ ತೆಗಿ ಟೋರ್ಬೆನ್."

ಅವನು ಲೋಟ ಕೆಳಗಿಟ್ಟ. "ಅವಳೇ ಬರೆದಿದ್ದು ಅಂದ್ನಲ್ಲ."

"ಅವಳು ಅವಳ ಬಗ್ಗೆ ಬರ್ಕೊಂಡ್ಳು. ಭಾನುವಾರ ಹಾಡೋರು ಸಭಾಭವನದ ತುಂಬ ಜನ. ಜೊತೆಗೆ ನಿನ್ನ ಅಕಾರ್ಡಿಯನ್ನು."

"ಕಿಚಾಯಿಸದ ಹಾಡು ಹಾಡೇನೇ? ಸುಮ್ನೆ ಹೊಗಳಿದ್ರೆ ಹೆಣದ ಮುಂದೆ ಭಾಷಣ ಮಾಡಿದ ಹಾಗೆ. ಕಿಚಾಯಿಸೋದು ಯಾಕೆ? ಇಷ್ಟ ಇರೋದಕ್ಕೆ. ನನ್ನ ಹಾಡಲ್ಲಿ ನನ್ನ ಕಿವಿ ಬಗ್ಗೆ ಎರಡು ಚರಣ ಇತ್ತು, ಸತ್ತೋದ್ನಾ ನಾನು?"

"ಅವಳು ಊಟ ಮಾಡ್ತಿಲ್ಲ ಕಣೋ."

"ಹದಿನಾಲ್ಕು ವರ್ಷದೋರು ಯಾರು ಊಟ ಮಾಡ್ತಾರೆ?" ಎಂದು ಹಾಳೆ ಮಡಿಚಿ ಜೇಬಿಗಿಟ್ಟುಕೊಂಡ. ಅವನಿಗೆ ನೋವಾಗಿತ್ತು. ಅಳತೆ ನೋಡಲು ಕೊಟ್ಟದ್ದು, ನಾನು ಅರ್ಥಕ್ಕೆ ಕೈ ಹಾಕಿದ್ದೆ. "ಲೋನೆ ಬೇಡ ಅಂದ್ರೆ ತೆಗೀತೀನಿ. ನೀನು ಹೇಳಿದ್ದಕ್ಕಲ್ಲ."

ನಾನು ಕೋಟು ಹಾಕಿಕೊಂಡು ಬೇಲಿ ದಾಟಿ ಲೋನೆಯ ಮನೆಗೆ ಹೋದೆ. ಲೋನೆ ವೃದ್ಧಾಶ್ರಮದ ಕೆಲಸ ಮುಗಿಸಿ ಬಂದು, ಹಬ್ಬದ ಮೇಜಿಗೆ ಹಾಸುವ ಬಿಳಿ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ವಿಗ್ಗಾ ಮನೆಯಲ್ಲಿರಲಿಲ್ಲ.

"ಅವಳೇ ನಂಗೆ ಓದಿ ಹೇಳಿದ್ಲು," ಎಂದಳು ಲೋನೆ. "ಹಾಸಿಗೆ ಮೇಲೆ ಬಂದು ಕೂತ್ಕೊಂಡು. ಎಷ್ಟು ದಿನ ಆಗಿತ್ತು ಗೊತ್ತಾ ಅವಳು ನನ್ನ ಪಕ್ಕ ಕೂತು? ನಾನು ನಕ್ಕೆ, ಅವಳೂ ನಕ್ಳು. ಆ ಹಾಳೆ ನಿಂಗೇ ಅಮ್ಮ, ಇಟ್ಕೋ ಅಂದ್ಲು. ನಂಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ, ಎಲ್ರಿಗೂ ಕೇಳಿಸ್ಬೇಕು ಅನ್ನಿಸ್ತು."

"ನಿಂಗೆ ಕೊಟ್ಳು ಲೋನೆ. ಎಲ್ರಿಗೂ ಕೊಡ್ಲಿಲ್ಲ."

"ನೀನು ಯಾವಾಗ್ಲೂ ಹೀಗೆ. ಒಂದು ಹಾಡನ್ನ ಹಿಡ್ಕೊಂಡು ಶವಯಾತ್ರೆ ಮಾಡ್ತೀಯ."

"ಅವಳು ನಿನ್ನೆ ರಾತ್ರಿ ಏನು ತಿಂದ್ಳು?"

ಇಸ್ತ್ರಿ ಪೆಟ್ಟಿಗೆ ನಿಂತಿತು. "ನನ್ನ ಮನೆ ತಟ್ಟೆ ನೋಡೋಕೆ ಬಂದ್ಯಾ? ನಾನು ದಿನಾ ಮುದುಕರಿಗೆ ತುತ್ತು ಇಟ್ಟು ಬರ್ತೀನಿ. ಯಾರು ತಿಂದ್ರು, ಯಾರು ಬಾಯಲ್ಲೇ ಇಟ್ಕೊಂಡ್ರು ಅಂತ ನಂಗೆ ಗೊತ್ತಾಗಲ್ವಾ?"

ಬಟ್ಟೆಯಿಂದ ಸುಟ್ಟ ವಾಸನೆ ಬಂತು. ಅವಳು ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು, ಕಂದು ಕಲೆಯನ್ನು ಉಗುರಿನಲ್ಲಿ ಕೆರೆದಳು. ಕೆರೆಯುತ್ತಲೇ ಹೇಳಿದಳು: "ನಿಮ್ಮನೇಲಿ ತಿಂದೆ ಅಂದ್ಲು."

"ನಮ್ಮನೇಲಿ ತಿನ್ಲಿಲ್ಲ."

ಅವಳು ಸುಟ್ಟ ಬಟ್ಟೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಆಮೇಲೆ, "ಟೋರ್ಬೆನ್‌ಗೆ ಹೇಳ್ತೀನಿ," ಎಂದಳು. "ಹಬ್ಬ ಒಂದು ಮುಗೀಲಿ ಡಾಗ್ನಿ. ಮಿಕ್ಕಿದ್ದು ಆಮೇಲೆ ನೋಡೋಣ."

ಶನಿವಾರ ಟೋರ್ಬೆನ್ ಬೇಲಿಯ ಆಚೆಯಿಂದಲೇ ಕೂಗಿದ. "ಬದಲಾಯಿಸಿದ್ದೀನಿ ಮಹಾರಾಣಿ! ಲೋನೆಗೂ ಓದಿ ಹೇಳಿದೆ, ಕಣ್ಣಲ್ಲಿ ನೀರು ಹಾಕ್ಕೊಂಡ್ಳು. ಈಗ ಬರೀ ಹೊಗಳಿಕೆ. ನಿಂಗೆ ತೋರಿಸಲ್ಲ, ನಾಳೆ ಎಲ್ರ ಜೊತೆ ಕೇಳು." ಹೊಗಳಿಕೆ ಎಂದದ್ದೇ ಸಾಕಾಗಿತ್ತು ನನಗೆ. ಏನನ್ನು ಹೊಗಳಿದ್ದೀಯ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಭಾನುವಾರ ಬಿಸಿಲಿತ್ತು. ಚರ್ಚಿನ ಮುಂದೆ ಬಾವುಟ ಏರಿತ್ತು. ಬಿಳಿ ಉಡುಪಿನ ಹುಡುಗಿಯರು, ಹೊಸ ಬೂಟಿನ ಹುಡುಗರು ಸಾಲಾಗಿ ಹೊರಬಂದರು. ವಿಗ್ಗಾಳ ಕತ್ತಿನ ಕೆಳಗಿನ ಎಲುಬುಗಳು ಬಿಸಿಲಿಗೆ ನೆರಳು ಬೀಳಿಸುತ್ತಿದ್ದವು. ಅದನ್ನು ನೋಡಿ ಯಾರೋ "ಮದುಮಗಳ ಹಾಗೆ" ಎಂದರು.

ಸಭಾಭವನದಲ್ಲಿ ಉದ್ದನೆಯ ಮೇಜುಗಳು. ಮೊದಲು ಸಾಲ್ಮನ್ ಮೀನು, ಆಮೇಲೆ ಕರುವಿನ ಹುರಿದ ಮಾಂಸ, ಆಲೂಗಡ್ಡೆ, ಕಂದು ಗೊಜ್ಜು. ವಿಗ್ಗಾ ಮಧ್ಯದಲ್ಲಿ, ಹೂವಿನ ಹಿಂದೆ ಕೂತಿದ್ದಳು. ಮಾಂಸವನ್ನು ಸಣ್ಣಗೆ, ಇನ್ನೂ ಸಣ್ಣಗೆ ಕತ್ತರಿಸಿ, ಆಲೂಗಡ್ಡೆಯ ಕೆಳಗೆ ಒಂದೊಂದಾಗಿ ತಳ್ಳುತ್ತಿದ್ದಳು. ದೂರದಿಂದ ನೋಡಿದರೆ ತಿನ್ನುವವಳ ಹಾಗೇ ಕಾಣುತ್ತಿದ್ದಳು.

ಟೋರ್ಬೆನ್ ಅಕಾರ್ಡಿಯನ್ ಹೆಗಲಿಗೇರಿಸಿ ಕುರ್ಚಿ ಹತ್ತಿದ. ಎಲ್ಲರೂ ಹಾಳೆ ಬಿಡಿಸಿದರು. ನಾನು ಮೊದಲು ಐದನೆಯ ಚರಣಕ್ಕೇ ಕಣ್ಣು ಹಾಯಿಸಿದೆ. ಓದಿ ಮುಗಿಸುವಷ್ಟರಲ್ಲಿ ಹಾಡು ಶುರುವಾಗಿತ್ತು.

ತೊಟ್ಟಿಲಿಗೆ ನಕ್ಕರು. ಕುರಿಗೆ ಹೊಟ್ಟೆ ಹಿಡಿದು ನಕ್ಕರು. ವಿಗ್ಗಾ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡುತ್ತ ನಗುತ್ತಿದ್ದಳು. ಆಮೇಲೆ ಐದನೆಯದು ಬಂತು.

ಗುಂಡಗೆ ಇದ್ದಳು ಬೆಣ್ಣೆಯ ಮುದ್ದೆ,
ಕಂಡಿರಾ ಈಗಿನ ಚೆಲುವನ್ನು?
ದಂಡೆಯ ಜೊಂಡಿನ ಬಳುಕುವ ಕಡ್ಡಿ,
ಕೊಂಡಾಡಿ ನಮ್ಮಯ ಹುಡುಗಿಯನು!

ಈ ಚರಣಕ್ಕೆ ಯಾರೂ ನಗಲಿಲ್ಲ. ಎಲ್ಲರೂ ಮನಸ್ಸಿಟ್ಟು ಹಾಡಿದರು, ಕೊನೆಯ ಸಾಲನ್ನು ಎರಡು ಸಲ ಹಾಡಿದರು. ಚಪ್ಪಾಳೆ ತಟ್ಟಿದರು. ಹಿಂದಿನ ಮೇಜಿನ ಮುದುಕನೊಬ್ಬ "ನಿಜ, ನಿಜ" ಎಂದ. ವಿಗ್ಗಾ ಕೈಗಳನ್ನು ಮುಖದಿಂದ ತೆಗೆದಳು. ಅವಳ ಮುಖದಲ್ಲಿ ಬೆಳಕು ಬಂತು. ಇಷ್ಟು ತಿಂಗಳು ನಾನು ಕಾಣದ ಬೆಳಕು. ಬೆನ್ನು ನೆಟ್ಟಗಾಯಿತು. ಅವನು ಮೊದಲು ಬರೆದಿದ್ದ ಅಜ್ಜಿಯರ ಚರಣವನ್ನೇ ಹಾಡಿದ್ದರೆ ಅವಳು ಅಳುತ್ತಿದ್ದಳೇನೋ. ಅಳುವವರನ್ನು ತಬ್ಬಿಕೊಳ್ಳಬಹುದು. ಈ ನಗುವಿಗೆ ನಾನು ಏನು ಮಾಡಲಿ?

ಹಾಡು ಮುಗಿದು, ಎಲ್ಲರೂ ಎದ್ದು ಮೂರು ಸಲ ಜೈಕಾರ ಹಾಕಿದರು. ಕೂರುವಾಗ ವಿಗ್ಗಾ ತಟ್ಟೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಮುಚ್ಚುಮರೆ ಇಲ್ಲದೆ ತಳ್ಳಿದಳು, ಎಲ್ಲರೂ ಒಪ್ಪಿಗೆ ಕೊಟ್ಟಾಯಿತಲ್ಲ ಎನ್ನುವ ಹಾಗೆ. ಲೋನೆ ಅದನ್ನು ನೋಡಿದಳು. ಅವಳು ಇನ್ನೂ ಚಪ್ಪಾಳೆ ತಟ್ಟುತ್ತಿದ್ದಳು. ಕೈಗಳು ಅರ್ಧದಲ್ಲೇ ನಿಂತುಹೋದವು.

ಐಸ್‌ಕ್ರೀಮಿನ ಕೇಕು ಒಳಗೆ ತರುವ ಹೊತ್ತಿಗೆ ವಿಗ್ಗಾಳ ಕುರ್ಚಿ ಖಾಲಿಯಾಗಿತ್ತು. ನಾನು ಹುಡುಕಿಕೊಂಡು ಹೋದೆ. ಭವನದ ಹಿಂದೆ, ಸೈಕಲ್ಲುಗಳ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಗಾಳಿಗೆ ಬಿಳಿ ಉಡುಪು ಮೊಣಕಾಲಿಗೆ ಅಂಟಿಕೊಂಡಿತ್ತು.

"ಚಳಿ ಆಗಲ್ವೇನೇ?"

"ಯಾವಾಗ್ಲೂ ಆಗುತ್ತೆ ಅಜ್ಜಿ."

ನಾನು ಪಕ್ಕದಲ್ಲಿ ಕೂತು ನನ್ನ ಶಾಲನ್ನು ಅವಳ ಹೆಗಲಿಗೆ ಹಾಕಿದೆ.

"ಹಾಡು ಚೆನ್ನಾಗಿತ್ತು ಅಲ್ವಾ?" ಎಂದಳು.

"ಅಳತೆ ಸರಿಯಿತ್ತು."

ಅವಳು ನಕ್ಕಳು. ನಗು ಬೇಗ ಮುಗಿಯಿತು. "ಎಲ್ರಿಗೂ ಕಾಣಿಸಿದೆ ಅಜ್ಜಿ, ನಾನು ಸಣ್ಣ ಆಗಿರೋದು. ಹಾಡೋವಾಗ ಖುಷಿ ಆಯ್ತು. ಎಷ್ಟು ಖುಷಿ ಅಂದ್ರೆ..." ಎಂದು ನಿಲ್ಲಿಸಿದಳು. "ಆಮೇಲೆ ಅನ್ನಿಸ್ತು, ಈಗ ಕಾಣಿಸಿದೆ ಅಂದ್ರೆ ಮೊದ್ಲೂ ಕಾಣಿಸ್ತಿತ್ತು ಅಂತ ತಾನೇ? ಎಲ್ರೂ ನೋಡ್ತಾನೇ ಇದ್ರು. ಇನ್ಮೇಲೂ ನೋಡ್ತಾನೇ ಇರ್ತಾರೆ. ಒಂದು ಚೂರು ದಪ್ಪ ಆದ್ರೂ ಗೊತ್ತಾಗುತ್ತೆ."

ನಮ್ಮ ಹಿಂದೆ ಬಾಗಿಲು ತೆರೆದೇ ಇತ್ತು. ಲೋನೆ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಬಂದು ಮಗಳ ಆಚೆ ಪಕ್ಕ ಕೂತಳು. ನಾನು ಏಳಲು ಹೋದೆ. "ಕೂತ್ಕೋ ಡಾಗ್ನಿ," ಎಂದಳು.

ಆಮೇಲೆ ಯಾರ ಮುಖವನ್ನೂ ನೋಡದೆ, ಸಣ್ಣ ದನಿಯಲ್ಲಿ ಹಾಡಿದಳು.

ಲೋನೆಯ ಪಾದಗಳು ಮೀನಿನ ದೋಣಿಗಳು,
ಬಾನಿಗೆ ಮುಟ್ಟುವುದು ತಲೆಯು;
ತಾನಾಗಿ ಮುತ್ತಿಡಲು ಬಂದ ಹುಡುಗನಿಗೆ
ಏಣಿಯ ಬಾಡಿಗೆಯ ಬೆಲೆಯು!

"ಏನಮ್ಮ ಅದು?"

"ನನ್ನ ಹಾಡು. ಇದೇ ಭವನದಲ್ಲಿ. ನಿಮ್ಮಜ್ಜ ಬರೆದಿದ್ದು."

"ಏಣಿಗೆ ಯಾರಾದ್ರೂ ಬಾಡಿಗೆ ಕೊಡ್ತಾರಾ? ಎಂಥ ಕೆಟ್ಟ ಸಾಲು."

"ಕೆಟ್ಟದ್ದೇ. ಮಿಕ್ಕ ಚರಣ ಎಲ್ಲ ಮರೆತೋಗಿದೆ. ಇದೊಂದೇ ನೆನಪಿರೋದು."

"ನೀನು ಏನ್ಮಾಡ್ದೆ?"

"ನಕ್ಕೆ. ಎಲ್ರಿಗಿಂತ ಜೋರಾಗಿ. ಅಲ್ಲಿ ಇನ್ನೇನು ಮಾಡೋಕಾಗುತ್ತೆ?" ಎಂದು ಪಾದಗಳನ್ನು ಬೆಂಚಿನ ಅಡಿಗೆ ಎಳೆದುಕೊಂಡಳು. ಆ ಬಿಸಿಲಲ್ಲೂ ಅವಳು ಮುಚ್ಚಿದ ಕಪ್ಪು ಬೂಟು ಹಾಕಿದ್ದಳು. ವಿಗ್ಗಾ ಅದನ್ನು ನೋಡಿದಳು.

"ನಿಂಗೊಂದು ಹೇಳ್ಬೇಕು," ಎಂದಳು ಲೋನೆ. "ಅವತ್ತು ನೀನು ಓದಿ ಕೊಟ್ಟ ಹಾಳೆ. ಆ ಅಜ್ಜಿಯರದ್ದು. ಅದನ್ನ ನಾನು ಟೋರ್ಬೆನ್‌ಗೆ ಕೊಟ್ಟೆ. ಹಾಡಲ್ಲಿ ಹಾಕಿದ್ದ. ಡಾಗ್ನಿ ಬಂದು ತೆಗೆಸಿದ್ಳು."

ವಿಗ್ಗಾಳ ಮುಖದ ಬಣ್ಣ ಇಳಿಯಿತು. ಅವಳು ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ.

"ಗುಡ್ಡ ಹತ್ತಿದ್ದನ್ನೂ ಹಾಕಿದ್ನಾ?"

"ಇಲ್ಲ."

"ಅಜ್ಜಿಯರನ್ನ ಮಾತ್ರ."

"ಹೂಂ."

"ಅದು ನಿಂಗೇ ಅಂತ ಕೊಟ್ಟಿದ್ದೆ ಅಮ್ಮ."

"ಗೊತ್ತು. ಈಗ ಗೊತ್ತು." ಲೋನೆ ಮಗಳ ಕಡೆ ತಿರುಗಿದಳು. "ಇವತ್ತಿನ ಚರಣಾನೂ ನಂಗೆ ನಿನ್ನೇನೇ ಗೊತ್ತಿತ್ತು. ಚೆನ್ನಾಗಿದೆ ಅಂದ್ಕೊಂಡೆ."

"ಚೆನ್ನಾಗೇ ಇತ್ತು," ಎಂದಳು ವಿಗ್ಗಾ. "ಅದೇ ಕಷ್ಟ."

ಒಳಗೆ ಚಮಚಗಳ ಸದ್ದು, ಯಾರದೋ ದೊಡ್ಡ ನಗು. ವಿಗ್ಗಾ ಶಾಲಿನ ದಾರಗಳನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಆ ಬೆರಳುಗಳು ಉಗುರಿನ ಸುತ್ತ ನೀಲಿಯಾಗಿದ್ದವು. ಲೋನೆ ಅವನ್ನು ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡುವ ಕಣ್ಣಿನಿಂದ ನೋಡುತ್ತಿದ್ದಳು, ಮೊದಲ ಸಲ ನೋಡುವವಳ ಹಾಗೆ.

"ಕೇಕು ತಿನ್ನು ಅಂತ ಹೇಳೋಕೆ ಬಂದ್ಯಾ?" ಎಂದಳು ವಿಗ್ಗಾ.

"ಬಂದಿದ್ದು ಅದಕ್ಕೇ. ಈಗ ಹೇಳಲ್ಲ."

"ತಿನ್ನಕ್ಕೆ ಆಗ್ತಿಲ್ಲ ಅಮ್ಮ. ಬೇಡ ಅಂತಲ್ಲ. ಮೊದ್ಲು ಬೇಡ ಅಂತಿದ್ದೆ. ಈಗ ಬೇಕು ಅಂದ್ರೂ ಆಗ್ತಿಲ್ಲ."

ಇಷ್ಟು ತಿಂಗಳಲ್ಲಿ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಲೋನೆ ಅಳಲಿಲ್ಲ. ಮಗಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಉಜ್ಜಿದಳು.

"ನಾಳೆ ಡಾಕ್ಟರ ಹತ್ರ ಹೋಗೋಣ."

"ನಾಳೆ ಬೇಡ. ಹಬ್ಬದ ಮಾರನೇ ದಿನ ಅಲ್ವಾ, ಕ್ಲಾಸಿನೋರೆಲ್ಲ ಸುತ್ತೋಕೆ ಪೇಟೆಗೆ ಹೋಗ್ತಾರೆ. ನಾನೊಬ್ಳೇ ಹೋಗದಿದ್ರೆ ಕೇಳ್ತಾರೆ."

"ಮಂಗಳವಾರ."

ವಿಗ್ಗಾ ಶಾಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ನೀನು ಒಳಗೆ ಬಂದು ನನ್ನ ಬದ್ಲು ಮಾತಾಡಬಾರ್ದು."

"ಮಾತಾಡಲ್ಲ."

"ತಮಾಷೆ ಮಾಡಬಾರ್ದು."

"ಇಲ್ಲ ಕಣೇ."

"ಸರಿ," ಎಂದಳು. "ಮಂಗಳವಾರ."

ಒಳಗಿಂದ ಟೋರ್ಬೆನ್ ಕಾಫಿ ಕುಡಿಯುವಾಗ ಹಾಡುವ ಹಾಡಿಗೆ ಎಲ್ಲರನ್ನೂ ಕೂಗುತ್ತಿದ್ದ. ನಮ್ಮ ಮೂವರ ಹೆಸರನ್ನೂ ಒಂದೊಂದಾಗಿ ಕೂಗಿದ. ಮೂವರಲ್ಲಿ ಯಾರೂ ಏಳಲಿಲ್ಲ.